ಹೆದರಿಸುವ ಮಾತು ಬೇಡ, ನಿಜ ಹೇಳೋಣ



ಗಾಂಜಾ ಸೇದಿದರೆ ಮೆದುಳೇ ಕರಗಿಹೋಗುತ್ತದೆ ಎಂದು ನಾವು ವ್ಯಸನಮುಕ್ತಿಯ ವೇದಿಕೆಗಳಲ್ಲಿ ಹೇಳುತ್ತೇವೆ. ಎದುರು ಕುಳಿತ ಹುಡುಗ, ಸೇದಿಯೂ ಪರೀಕ್ಷೆ ಪಾಸಾದ ಗೆಳೆಯನನ್ನು ಕಂಡಿರುತ್ತಾನೆ. ಅಲ್ಲಿಂದ ಮುಂದೆ ನಮ್ಮ ಯಾವ ಮಾತನ್ನೂ ಅವನು ನಂಬುವುದಿಲ್ಲ. ಉತ್ಪ್ರೇಕ್ಷೆ ಬೇಡ; ಇರುವ ಸತ್ಯವೇ ಸಾಕಷ್ಟು ಗಂಭೀರವಾಗಿದೆ.

ನಾನು ವೈದ್ಯನಲ್ಲ, ನಿವೃತ್ತ ಸರ್ಕಾರಿ ಎಂಜಿನಿಯರ್. ಕಾಂಕ್ರೀಟು ಮಾರನೆಯ ದಿನವೇ ಗಟ್ಟಿಯಾಗಿ ಕಾಣುತ್ತದೆ. ಆದರೆ ಅದರ ಬಲವನ್ನು ನಾವು ಲೆಕ್ಕಕ್ಕೆ ಹಿಡಿಯುವುದು 28ನೆಯ ದಿನಕ್ಕೆ. ಅವಸರಪಟ್ಟು ಭಾರ ಹೇರಿದರೆ ಬಿರುಕು ತಪ್ಪಿದ್ದಲ್ಲ. ಮೆದುಳೂ ಹಾಗೆಯೇ. ಮೀಸೆ ಬೇಗ ಬಂದರೂ, ವಿವೇಚನೆ ಮತ್ತು ಸಂಯಮವನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ.

2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹತ್ತು ವರ್ಷಕ್ಕೂ ಮೇಲ್ಪಟ್ಟು ದಿನವೂ ವಿಪರೀತ ಗಾಂಜಾ ಸೇದಿದ 15 ಪುರುಷರ ಮೆದುಳನ್ನು ಸ್ಕ್ಯಾನ್ ಮಾಡಿದರು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗ ಸರಾಸರಿ ಶೇ 12ರಷ್ಟು ಚಿಕ್ಕದಾಗಿತ್ತು. 2015ರ ಇನ್ನೊಂದು ಅಧ್ಯಯನ ಮದ್ಯಸೇವನೆಯನ್ನೂ ಸರಿದೂಗಿಸಿ ಹೋಲಿಸಿದಾಗ ಇಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಮುಚ್ಚಿಡಬಾರದು.

ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸಲಾಯಿತು. ಹದಿಹರೆಯದಲ್ಲೇ ಚಟಕ್ಕೆ ಬಿದ್ದು ಮುಂದುವರಿಸಿದವರ ಬುದ್ಧಿಸೂಚ್ಯಂಕ 38ರ ವಯಸ್ಸಿಗೆ ಸುಮಾರು 8 ಅಂಶ ಕುಸಿದಿತ್ತು. ದೊಡ್ಡವರಾದ ಮೇಲೆ ಶುರುಮಾಡಿದವರಲ್ಲಿ ಅಂಥ ಕುಸಿತವಿರಲಿಲ್ಲ. ಮನೆಯ ಪರಿಸ್ಥಿತಿಯೂ ಇದಕ್ಕೆ ಕಾರಣವಿರಬಹುದೆಂದು ವಾದಿಸುವವರಿದ್ದಾರೆ. ಹಾಗಿದ್ದರೂ ಎಳೆಯ ಮೆದುಳಿನ ಮೇಲೆ ಈ ಪ್ರಯೋಗ ಮಾಡಿ ನೋಡುವ ಧೈರ್ಯ ಯಾವ ತಂದೆ-ತಾಯಿಗೂ ಬೇಡ.

ಗಾಂಜಾ ಶಿವನಿಗೆ ಪ್ರಿಯ ಎನ್ನುವವರೂ ಉಂಟು. ಅರಿವೇ ಗುರು ಎಂದು ನಂಬಿದ ನಮಗೆ, ಅರಿವನ್ನೇ ಮಂಕು ಮಾಡುವ ವಸ್ತು ಪ್ರಸಾದವಾಗಲಾರದು.

ಇನ್ನೊಂದು ಸತ್ಯ ಭರವಸೆಯದು. ಗಾಂಜಾಕ್ಕಿಂತ ಉಗ್ರವಾದ ಮೆಥಾಂಫೆಟಮೈನ್ ಬಿಟ್ಟವರ ಮೆದುಳಿನಲ್ಲಿ ಒಂದು ವರ್ಷ ದಾಟಿದ ಮೇಲೆ ಡೋಪಮೈನ್ ವ್ಯವಸ್ಥೆ ಬಹುಮಟ್ಟಿಗೆ ಚೇತರಿಸಿಕೊಂಡದ್ದನ್ನು 2001ರ ಸ್ಕ್ಯಾನ್‌ಗಳು ತೋರಿಸಿದವು. ಆದರೆ ನೆನಪು ಮತ್ತು ಚಲನೆಯ ಸಾಮರ್ಥ್ಯ ಅಷ್ಟೇ ಪ್ರಮಾಣದಲ್ಲಿ ಮರಳಲಿಲ್ಲ. ಅಂದರೆ ಬಿಟ್ಟರೆ ಲಾಭವಿದೆ, ಬೇಗ ಬಿಡುವುದು ಲೇಸು.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು; ಚಟಗಾರನನ್ನು ದೂರ ತಳ್ಳಲಿಲ್ಲ. ನಮ್ಮ ಪ್ರಸಾದ ನಿಲಯಗಳಲ್ಲಿ ಹುಡುಗನೊಬ್ಬ ಸಿಕ್ಕಿಬಿದ್ದರೆ ಗಂಟುಮೂಟೆ ಕಟ್ಟಿಸಿ ಕಳಿಸುವುದು ಸುಲಭ. ಮರ್ಯಾದೆಗೆ ಅಂಜಿ ಮನೆಯವರು ಮುಚ್ಚಿಡುವುದು ಇನ್ನೂ ಸುಲಭ. ಎರಡೂ ಅವನನ್ನು ಮತ್ತೆ ಚಟದ ಕೈಗೇ ಕೊಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 14446 ಉಚಿತ ರಾಷ್ಟ್ರೀಯ ಸಹಾಯವಾಣಿ. ಪ್ರತಿ ನಿಲಯದ ಗೋಡೆಯ ಮೇಲೆ ಈ ಸಂಖ್ಯೆ ಬರೆಸೋಣ. ಹೈಸ್ಕೂಲು ಮೆಟ್ಟಿಲು ಹತ್ತುವಾಗಲೇ ಮಕ್ಕಳಿಗೆ ನಿಜ ಹೇಳೋಣ.