ಮೋಜಿನ ಅಪಾಯ, ಅನಿವಾರ್ಯದ ಅಪಾಯ
ಕೊಡಿಗೇನಹಳ್ಳಿ: ರಸ್ತೆಯಲ್ಲಿ ವ್ಹೀಲಿಂಗ್ ಮಾಡುವ ಹುಡುಗನಿಗೂ, ಬಸ್ಸಿನ ಟಾಪ್ ಮೇಲೆ ಕುಳಿತು ಕಾಲೇಜಿಗೆ ಹೋಗುವ ಹುಡುಗನಿಗೂ ಹಿರಿಯರ ಬೈಗುಳ ಒಂದೇ: 'ಜೀವದ ಮೇಲೆ ಆಸೆಯಿಲ್ಲ'. ಆದರೆ ಇಬ್ಬರ ಮನಃಸ್ಥಿತಿ ಒಂದೇ ಅಲ್ಲ.

ಮೊದಲನೆಯವನದು ರೋಮಾಂಚನದ ಹಂಬಲ. ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಝುಕರ್‌ಮನ್ 1960ರ ದಶಕದಲ್ಲಿಯೇ ಇದನ್ನಳೆಯುವ ಮಾಪಕ ರೂಪಿಸಿದ್ದರು. ಹದಿಹರೆಯದ ಮಿದುಳು ಮೆಚ್ಚುಗೆಗೆ ಬೇಗ ಸ್ಪಂದಿಸುತ್ತದೆ; ಸಂಯಮ ಪಕ್ವವಾಗುವುದು ಇಪ್ಪತ್ತು ದಾಟಿದ ಬಳಿಕ. ಕಾರು ಓಡಿಸುವ ಆಟದಲ್ಲಿ ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಾರೆಂದು ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅವರ 2005ರ ಅಧ್ಯಯನ ತೋರಿಸಿತು. ಇಂದು ಆ ಗೆಳೆಯರ ಜಾಗದಲ್ಲಿ ಮೊಬೈಲ್ ಕ್ಯಾಮೆರಾವೂ ನಿಂತಿದೆ.

ಎರಡನೆಯವನದು ಹಂಬಲವಲ್ಲ, ನಿರುಪಾಯ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನಲ್ಲಿ ಕಿಕ್ಕಿರಿದಿದ್ದ ಖಾಸಗಿ ಬಸ್ ಉರುಳಿ ವಿದ್ಯಾರ್ಥಿಗಳು ಪ್ರಾಣ ತೆತ್ತರು. ಅವರು ಹೊರಟಿದ್ದು ಸಾಹಸಕ್ಕಲ್ಲ, ಪಾಠಕ್ಕೆ.

ಆದ್ದರಿಂದ ಪರಿಹಾರವೂ ಎರಡು ಬಗೆಯದಾಗಬೇಕು. ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅವಕಾಶ ನೀಡಿದೆ. ಆದರೆ ದಂಡದ ಭಯವೊಂದರಿಂದಲೇ ಹಂಬಲ ಅಡಗದು. ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣೆದುರಿಗೇ ಇದೆ. ತರಬೇತುದಾರರ ನೆರವಿನಲ್ಲಿ, ಹಗ್ಗ-ಹೆಲ್ಮೆಟ್ ಸಮೇತ ಶಿಲಾರೋಹಣ ಕಲಿಸಿದರೆ ಅದೇ ಹುಮ್ಮಸ್ಸು ಕೌಶಲವಾಗುತ್ತದೆ. ಟಾಪ್ ಏರುವ ವಿದ್ಯಾರ್ಥಿಗೆ ಬೇಕಿರುವುದು ಉಪದೇಶವಲ್ಲ. ಕಾಲೇಜಿನ ವೇಳೆಗೆ ಹೆಚ್ಚುವರಿ ಬಸ್ಸು. ಗಡಿ ಹೋಬಳಿಯ ಈ ಬೇಡಿಕೆಯನ್ನು ಹುಡುಗಾಟವೆಂದು ತಳ್ಳಿಹಾಕುವುದು ಆಡಳಿತಕ್ಕೆ ಶೋಭೆಯಲ್ಲ.