ಮಿರಜಿಗೆ ಮುಖ ತೋರಿಸಲು ಹೋಗುವ ಮುನ್ನ



ಈಸ್ಟರ್ ಹಬ್ಬ ಕಳೆಯಿತೆಂದರೆ ನಮ್ಮ ಗುರುಮನೆಯಲ್ಲಿ ಮದುವೆಯ ಕಾಗದಪತ್ರಗಳ ಕೆಲಸ ಶುರುವಾಗುತ್ತದೆ. ತಪಸ್ಸುಕಾಲದಲ್ಲಿ ತಡೆದಿಟ್ಟ ಮದುವೆಗಳೆಲ್ಲ ಏಪ್ರಿಲ್-ಮೇ ತಿಂಗಳ ಉರಿಬಿಸಿಲಿಗೇ ಬಂದು ಬೀಳುತ್ತವೆ. ಹಿಂದೊಮ್ಮೆ ಇಂಥದೇ ದಿನಗಳಲ್ಲಿ ಒಬ್ಬ ತಾಯಿ ಮಗಳೊಂದಿಗೆ ಬಂದರು. ಎರಡನೆಯ ವಿವಾಹ ಪ್ರಕಟಣೆಯನ್ನು ಹಿಂದಿನ ಭಾನುವಾರವಷ್ಟೇ ಓದಿದ್ದೆವು. “ಫಾದರ್, ಮದುವಿ ಒಂದೆರಡ ತಿಂಗಳ ಮುಂದಕ್ಕ ಹಾಕಾಕ ಬರತೈತೇನ್ರಿ?” ಎಂದರು ತಾಯಿ. ನಾವು ಬೇರೇನನ್ನೋ ಊಹಿಸಿ ಗಾಬರಿಯಾದೆವು. ಹುಡುಗಿ ಮುಖಕ್ಕೆ ಸುತ್ತಿದ್ದ ಓಢಣಿಯನ್ನು ಸರಿಸಿದಾಗ ವಿಷಯ ತಿಳಿಯಿತು. ಎರಡೂ ಕೆನ್ನೆಗಳ ಮೇಲೆ ಇಸ್ತ್ರಿ ತಾಗಿದಂಥ ಕಪ್ಪು ಕಲೆ. ಹತ್ತು ದಿನಗಳ ಹಿಂದೆ ಯಾವುದೋ ಬ್ಯೂಟಿ ಪಾರ್ಲರಿನಲ್ಲಿ ‘ಕೆಮಿಕಲ್ ಪೀಲ್’ ಮಾಡಿಸಿಕೊಂಡಿದ್ದಳಂತೆ.

ನಮ್ಮ ಗಡಿಭಾಗದ ಕಾಗವಾಡ, ಶೇಡಬಾಳ, ಉಗಾರ, ಕುಡಚಿ ಜನರಿಗೆ ದವಾಖಾನೆ ಎಂದರೆ ಮಿರಜವೇ. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಎದೆನೋವಿಗೆ, ಹೆರಿಗೆಗೆ, ಮುರಿದ ಕಾಲಿಗೆ ರೈಲು ಹತ್ತಿ ದೊಡ್ಡ ಡಾಕ್ಟರನ್ನೇ ಹುಡುಕಿಕೊಂಡು ಮಿರಜಿಗೋ ಸಾಂಗಲಿಗೋ ಹೋಗುತ್ತೇವೆ. ಮುಖದ ವಿಷಯ ಬಂದಾಗ ಮಾತ್ರ ಬೋರ್ಡು ನೋಡಿ ಒಳಗೆ ಹೋಗಿಬಿಡುತ್ತೇವೆ.

ಪೀಲ್ ಎಂದರೆ ಚರ್ಮಕ್ಕೆ ಆಮ್ಲ ಹಚ್ಚಿ ಮೇಲಿನ ಪದರವನ್ನು ಸಡಿಲಿಸುವುದು. ಕೆಲವು ದಿನಗಳಲ್ಲಿ ಅದು ಹಾವಿನ ಪೊರೆಯಂತೆ ಸುಲಿದು ಕೆಳಗಿನ ಹೊಸ ಚರ್ಮ ಕಾಣುತ್ತದೆ. ಮೊಡವೆ, ಮೊಡವೆಯ ಕಲೆ, ಬಂಗು ಇವುಗಳಿಗೆ ಇದರಿಂದ ಉಪಯೋಗವುಂಟು. ಆದರೆ ಹುಟ್ಟಿದ ಬಣ್ಣವನ್ನು ಇದು ಬದಲಿಸುವುದಿಲ್ಲ. ಗ್ಲೈಕೋಲಿಕ್ ಆಮ್ಲ ಕಬ್ಬಿನಲ್ಲಿಯೂ ಇರುತ್ತದೆ, ಲ್ಯಾಕ್ಟಿಕ್ ಆಮ್ಲ ಹುಳಿ ಮೊಸರಿನಲ್ಲಿ. “ಕಬ್ಬಿನದಲ್ಲವೇ, ಏನಾಗುತ್ತದೆ?” ಎನ್ನುವವರಿದ್ದಾರೆ. ಕಬ್ಬಿನಿಂದ ಬೆಲ್ಲವೂ ಬರುತ್ತದೆ, ಸಾರಾಯಿಯೂ ಬರುತ್ತದೆ! ಶೇಕಡ ಎಷ್ಟು, ಎಷ್ಟು ನಿಮಿಷ ಇಟ್ಟರು, ಸರಿಯಾದ ಹೊತ್ತಿಗೆ ತೊಳೆದರೋ ಇಲ್ಲವೋ, ಎಲ್ಲವೂ ಅದರ ಮೇಲಿದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೂ ತೀವ್ರ ಪ್ರಮಾಣದ ಪೀಲ್‌ಗಳನ್ನು ತಜ್ಞರ ಉಸ್ತುವಾರಿಯಿಲ್ಲದೆ ಬಳಸಬೇಡಿರೆಂದು 2024ರಲ್ಲಿ ಜನರನ್ನು ಎಚ್ಚರಿಸಿತು.

ನಮ್ಮಂಥ ಕಂದು ಚರ್ಮದವರಿಗೆ ಇನ್ನೊಂದು ತೊಡಕಿದೆ. ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಗಾಯವಾದರೆ ಕೆರಳಿ ಇನ್ನಷ್ಟು ಬಣ್ಣ ಸುರಿಸುತ್ತವೆ. ಆದ್ದರಿಂದಲೇ ಚರ್ಮತಜ್ಞರು ನಮಗೆ ಹೆಚ್ಚಾಗಿ ಮೇಲುಪದರದ ಪೀಲ್ ಮಾತ್ರ ಮಾಡುತ್ತಾರೆ. ಅದೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹಲವು ಸಲ. ಮೊದಲ ಸಲಕ್ಕೂ ಎರಡು-ನಾಲ್ಕು ವಾರ ಮುಂಚಿನಿಂದ ಮುಲಾಮು, ಸನ್‌ಸ್ಕ್ರೀನ್ ಹಚ್ಚಿಸಿ ಚರ್ಮವನ್ನು ಸಿದ್ಧಪಡಿಸುತ್ತಾರೆ. ಮದುವೆಗೆ ಹದಿನೈದು ದಿನವಿರುವಾಗ ಮೊದಲ ಸಲ ಹೋಗುವುದು ತಪ್ಪು ಲೆಕ್ಕ. ಪೀಲ್ ಆದಮೇಲೆ ಬಿಸಿಲಿಗೆ ಮುಖ ಒಡ್ಡಬಾರದು. ತಾಸಗಾಂವದ ದ್ರಾಕ್ಷಿ ತೋಟದಲ್ಲಿಯೋ ಕಬ್ಬಿನ ಗದ್ದೆಯಲ್ಲಿಯೋ ದಿನವಿಡೀ ದುಡಿಯುವ ಹೆಣ್ಣುಮಗಳಿಗೆ ಅದು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಪೀಲ್ ಬೇಡವೆಂದೇ ನಮ್ಮ ಅಭಿಪ್ರಾಯ.

ಡಾಕ್ಟರ ಎದುರು ಏನನ್ನೂ ಮುಚ್ಚಿಡಬೇಡಿರಿ. ಬಸುರಿಯೇ, ಮೊಲೆಯುಣಿಸುತ್ತಿದ್ದೀರಾ, ತುಟಿಯ ಮೇಲೆ ಆಗಾಗ ನೀರುಗುಳ್ಳೆ ಏಳುತ್ತವೆಯೇ, ಗಾಯವಾದಲ್ಲಿ ಗಂಟು ಕಟ್ಟುತ್ತದೆಯೇ, ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ತಿಂದಿದ್ದೀರಾ, ಆಸ್ಪಿರಿನ್ ಒಗ್ಗುವುದಿಲ್ಲವೇ, ಇವೆಲ್ಲ ಅವರಿಗೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಹಚ್ಚುವ ಕ್ರೀಮಿನ ಟ್ಯೂಬನ್ನೇ ಒಯ್ದು ತೋರಿಸಿರಿ. ನಮ್ಮ ಹುಡುಗಿಯ ವಿಷಯದಲ್ಲಿ ಗುಟ್ಟು ರಟ್ಟಾದದ್ದು ಅಲ್ಲಿಯೇ. ಬೆಳ್ಳಗಾಗಲೆಂದು ಅವಳು ಎರಡು ವರ್ಷದಿಂದ ಹಚ್ಚುತ್ತಿದ್ದ ಟ್ಯೂಬಿನಲ್ಲಿ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಇತ್ತು. ಅದರಿಂದ ತೆಳುವಾಗಿದ್ದ ಚರ್ಮದ ಮೇಲೆ ಪಾರ್ಲರಿನವರು ಆಮ್ಲ ಸುರಿದಿದ್ದರು. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿಯೇ ನಿಯಮ ಮಾಡಿದೆ. ಆದರೂ ಅಂಗಡಿಯಲ್ಲಿ ಬಾಯಿಮಾತಿಗೇ ಕೊಟ್ಟುಬಿಡುತ್ತಾರೆ.

ಆ ದಿನ ತಾಯಿಯನ್ನು ನಾವು ಮೆಲ್ಲಗೆ ಕೇಳಿದೆವು, “ಹುಡುಗ ಏನಾದರೂ ಅಂದನೇನಮ್ಮ?” “ಇಲ್ರಿ, ಅತ್ತಿ ಆಗಾಕಿ ಒಮ್ಮೆ ಹುಡುಗಿ ಸ್ವಲ್ಪ ಕರ್ರಗ ಅದಾಳ ಅಂದಿದ್ರು.” ಆ ಒಂದು ಮಾತಿಗೆ ಎರಡು ವರ್ಷದ ಟ್ಯೂಬು, ಆಮೇಲೆ ಆಮ್ಲ. ಮಗಳು ತಲೆ ತಗ್ಗಿಸಿ ಕೂತಿದ್ದಳು. ನಮಗೆ ಸಿಟ್ಟು ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಪೀಠದ ಮುಂದೆ ನಿಂತು ನಾವು ಎಷ್ಟೋ ಮದುವೆ ಮಾಡಿಸಿದ್ದೇವೆ. ಈ ‘ಸ್ವಲ್ಪ ಕರ್ರಗ’ ಎಂಬ ಮಾತಿನ ಬಗ್ಗೆ ಒಂದು ಪ್ರಬೋಧನೆಯನ್ನೂ ಕೊಟ್ಟಿರಲಿಲ್ಲ.

ಮಿರಜಿನ ಚರ್ಮತಜ್ಞರು ಹುಡುಗಿಗೆ ಸನ್‌ಸ್ಕ್ರೀನ್, ಮುಲಾಮು ಬರೆದುಕೊಟ್ಟು, ಕಲೆ ಮಾಸಲು ತಿಂಗಳುಗಳೇ ಬೇಕು, ಮದುವೆಯನ್ನು ಅದಕ್ಕಾಗಿ ನಿಲ್ಲಿಸಬೇಡಿರಿ ಎಂದರಂತೆ. ಹುಡುಗನೂ ಅದನ್ನೇ ಹೇಳಿದ. ಗೊತ್ತಾದ ದಿನವೇ ಮದುವೆ ನಡೆಯಿತು. ಕ್ರಿಸ್ಮಸ್ ಪೂಜೆಗೆ ಬಂದಾಗ ಕಲೆ ಬಹುತೇಕ ಮಾಸಿತ್ತು.

ಮೊನ್ನೆ ಅದೇ ತಾಯಿ ಎರಡನೆಯ ಮಗಳ ಮದುವೆಯ ಕಾಗದಪತ್ರ ತಂದಿದ್ದರು. ಮದುವೆಯನ್ನು ಜನವರಿಯಲ್ಲಿ ಇಟ್ಟುಕೊಂಡಿದ್ದಾರೆ. ಹುಡುಗಿಯ ಮುಖದ ಮೇಲೆ ನಾಲ್ಕಾರು ಮೊಡವೆಗಳಿದ್ದವು. ಆ ಬಗ್ಗೆ ಯಾರೂ ಮಾತೆತ್ತಲಿಲ್ಲ.