ಅಚ್ಚು ಒತ್ತಿದ್ದೂ ಕೈಯೇ ತಾನೆ?

"ಸ್ಟ್ಯಾಂಪ್ ಒತ್ತಿ ಬಣ್ಣ ತುಂಬಿದ್ದನ್ನೆಲ್ಲ ಹ್ಯಾಂಡ್‌ಮೇಡ್ ಅಂತ ಹೇಗ್ರೀ ಕರೀತೀರಿ?"

ರಬ್ಬರ್ ಸ್ಟ್ಯಾಂಪಿನಿಂದ ಗ್ರೀಟಿಂಗ್ ಕಾರ್ಡ್ ಮಾಡುವವರು ಒಂದಲ್ಲ ಒಂದು ದಿನ ಕೇಳಿಸಿಕೊಳ್ಳಲೇಬೇಕಾದ ಪ್ರಶ್ನೆ ಇದು. ನಮ್ಮಕ್ಕನೂ ಕೇಳಿಸಿಕೊಂಡಳು. ಅವಳಿರೋದು ಸಕಲೇಶಪುರದ ಪಕ್ಕದ ಆನೇಮಹಲ್‌ನಲ್ಲಿ. ಮನೆಕೆಲಸ, ಮಕ್ಕಳ ಸ್ಕೂಲು ಮುಗಿದ ಮೇಲೆ ಸಿಗುವ ಮಧ್ಯಾಹ್ನದ ಹೊತ್ತಲ್ಲಿ ಕಾರ್ಡ್ ಮಾಡ್ತಾಳೆ. ಮೊದಲು ನೆಂಟರಿಷ್ಟರ ಗೃಹಪ್ರವೇಶ, ನಾಮಕರಣಕ್ಕೆ ಅಂತ ಶುರುವಾಗಿದ್ದು. ಆಮೇಲೆ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಕಾಫಿಪುಡಿ, ಜೇನುತುಪ್ಪದ ಪಕ್ಕ ಮಾರೋಕೆ ಇಟ್ಟಳು. ಪ್ರತಿ ಕಾರ್ಡಿನ ಹಿಂದೆ "ಕೈಯಲ್ಲಿ ಮಾಡಿದ್ದು" ಅಂತ ಪುಟ್ಟ ಚೀಟಿ. ಬೆಲೆ ಅರವತ್ತು ರೂಪಾಯಿ. ಬಂದವರೊಬ್ಬರು ಮೇಲಿನ ಪ್ರಶ್ನೆ ಕೇಳಿ, "ಸ್ಟ್ಯಾಂಪ್ ತಾನೆ, ಮೂವತ್ತಕ್ಕೆ ಕೊಡಿ" ಅಂದರಂತೆ. ಅಕ್ಕ ಮರುದಿನವೇ ಎಲ್ಲ ಕಾರ್ಡಿನಿಂದ ಚೀಟಿ ಕಿತ್ತುಹಾಕಿದಳು. ನಾನು ಫೋನಿನಲ್ಲಿ ಯಾಕೆ ಅಂತ ಕೇಳಿದರೆ, "ಅವರು ಹೇಳಿದ್ದು ನಿಜಾನೇ ಅಲ್ವೇನೋ, ಚಿತ್ರ ನಾನು ಬರೆದಿದ್ದಲ್ಲ ಕಣೋ" ಅಂದಳು.

ನನ್ನ ಪ್ರಕಾರ ಅವಳು ಚೀಟಿ ಕೀಳಬೇಕಾಗಿರಲಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ.

ಮೊದಲು ಕೆಲಸ ಏನು ಅಂತ ನೋಡೋಣ. ಸ್ಟ್ಯಾಂಪು ಕೊಡುವುದು ಬರೀ ಹೊರಗೆರೆ. 250 ಜಿಎಸ್‌ಎಂ ದಪ್ಪದ ಎ4 ಹಾಳೆಯನ್ನು ಎರಡು ಮಾಡಿ ಮಡಿಸಿದರೆ ಎರಡು ಕಾರ್ಡು. ಅದರ ಮೇಲೆ ಗೆರೆ ಎಲ್ಲೂ ತಪ್ಪದ ಹಾಗೆ, ಇಂಕು ಎಲ್ಲೂ ಹರಡದ ಹಾಗೆ ಒಂದೇ ಒತ್ತಿಗೆ ಅಚ್ಚು ಬೀಳಬೇಕು. ಆಫೀಸಿನ ಸ್ಟ್ಯಾಂಪ್ ಪ್ಯಾಡ್ ಇದಕ್ಕೆ ಆಗಿಬರಲ್ಲ. ಅದರ ಇಂಕು ಬೇಗ ಒಣಗದ ಜಾತಿಯದು, ನುಣುಪಾದ ಕಾಗದದ ಮೇಲಂತೂ ಕೈ ತಾಗಿದ ಕೂಡಲೇ ಒರೆಸಿಹೋಗುತ್ತದೆ. ವಾಟರ್ ಕಲರ್ ತುಂಬಬೇಕಾದರೆ ಒಣಗಿದ ಮೇಲೆ ನೀರಿಗೆ ಕರಗದ ಇಂಕು ಬೇಕು. ಸ್ಪಿರಿಟ್ ಇರುವ ಮಾರ್ಕರ್ ಬಳಸುವುದಾದರೆ ಸ್ಪಿರಿಟ್‌ಗೆ ಕರಗದ ಇಂಕು ಬೇಕು. ಎರಡನ್ನು ಅದಲುಬದಲು ಮಾಡಿದರೆ ಕಪ್ಪು ಗೆರೆ ಹೋಗಿ ಹಳದಿ ಹೂವಿನೊಳಗೆ ಕೂರುತ್ತದೆ. ಇನ್ನು ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ತೇವ ಎಳೆದುಕೊಂಡು ಹಪ್ಪಳದ ಹಾಗೆ ಸುರುಳಿಕೊಳ್ಳುತ್ತೆ, ಇಂಕು ಒಣಗೋದೇ ಇಲ್ಲ. ಅಕ್ಕ ಹಾಳೆಗಳನ್ನ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬೇಕಾದಷ್ಟೇ ತೆಗೀತಾಳೆ.

ಇಷ್ಟೆಲ್ಲ ಆದ ಮೇಲೆ ಶುರುವಾಗುವುದು ಬಣ್ಣ. ಬೆಳಕು ಯಾವ ಕಡೆಯಿಂದ ಬೀಳ್ತಿದೆ ಅಂತ ಮೊದಲೇ ತೀರ್ಮಾನ ಮಾಡಬೇಕು. ಒಂದೇ ಎಲೆಗೆ ಮೂರು ಹಸಿರು: ತಿಳಿ, ನಡು, ಗಾಢ. ಮೂರೂ ಸೇರುವ ಕಡೆ ಗೆರೆ ಕಾಣಬಾರದು. ಒಂದೇ ಸ್ಟ್ಯಾಂಪಿನ ಹತ್ತು ಅಚ್ಚು ಹತ್ತು ಜನರಿಗೆ ಕೊಡಿ, ಹತ್ತು ಬೇರೆ ಕಾರ್ಡ್ ವಾಪಸ್ ಬರುತ್ತೆ. ಒಂದು ಕಾರ್ಡಿಗೆ ಅಕ್ಕನಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ.

ಲೆಕ್ಕ ಹಾಕೋದು ನನ್ನ ಹಳೇ ಚಾಳಿ, ಇದನ್ನೂ ಹಾಕಿದೆ :) ಹಾಳೆ, ಇಂಕು, ಬಣ್ಣ, ಕವರು ಎಲ್ಲ ಸೇರಿ ಅವಳಿಗೆ ಒಂದು ಕಾರ್ಡಿಗೆ ಹದಿನೈದು ರೂಪಾಯಿ ಬೀಳುತ್ತೆ. ಅರವತ್ತಕ್ಕೆ ಮಾರಿದರೆ ಉಳಿಯೋದು ನಲವತ್ತೈದು, ಅಂದರೆ ನಿಮಿಷಕ್ಕೆ ಒಂದು ರೂಪಾಯಿ. ಮೂವತ್ತಕ್ಕೆ ಕೊಟ್ಟರೆ ಮುಕ್ಕಾಲು ಗಂಟೆಗೆ ಹದಿನೈದು, ಗಂಟೆಗೆ ಇಪ್ಪತ್ತು ರೂಪಾಯಿ. "ಸ್ಟ್ಯಾಂಪ್ ತಾನೆ" ಅನ್ನೋ ಎರಡು ಪದದ ಬೆಲೆ ಗಂಟೆಗೆ ನಲವತ್ತು ರೂಪಾಯಿ ಅಂತಾಯ್ತು. ಹೇಳಿದವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಈಗ ಆ ಪ್ರಶ್ನೆಗೇ ಬರ್ತೀನಿ. ಅಚ್ಚು ಬಳಸಿದರೆ ಅದು ಕೈಕೆಲಸ ಅಲ್ಲವಾ?

ಸಂಕ್ರಾಂತಿಯ ಸಕ್ಕರೆ ಅಚ್ಚನ್ನೇ ತೆಗೆದುಕೊಳ್ಳಿ. ಹೆಸರೇ ಅಚ್ಚು! ಮರದ ಅಚ್ಚುಗಳನ್ನ ನೀರಲ್ಲಿ ನೆನೆಸಿಟ್ಟು, ಜೋಡಿ ಜೋಡಿಯಾಗಿ ಬಿಗಿದು ಕಟ್ಟಿ, ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಹದ ನೋಡಿ ಹುಯ್ಯಬೇಕು. ಹದ ಒಂಚೂರು ಮುಂದೆ ಹೋದರೆ ಪಾಕ ಪಾತ್ರೆಯಲ್ಲೇ ಗಟ್ಟಿ. ಆನೆಯ ಅಚ್ಚು ಬಿಚ್ಚುವಾಗ ಸೊಂಡಿಲು ಮುರಿಯದೆ ಬಂದರೆ ಮನೆಮಂದಿಗೆಲ್ಲ ಖುಷಿ. ಆ ಅಚ್ಚನ್ನು ಅಜ್ಜಿ ಕೆತ್ತಿದ್ದಾ? ಯಾರೋ ಬಡಗಿ ಕೆತ್ತಿದ್ದು. ಆದರೂ ಎಳ್ಳು ಬೀರಲು ಬಂದವರು "ಮನೇಲೇ ಮಾಡಿದ್ದಾ?" ಅಂತ ಕೇಳಿದರೆ "ಹೂಂ, ಮನೇಲೇ ಮಾಡಿದ್ದು" ಅಂತ ಹೆಮ್ಮೆಯಿಂದಲೇ ಹೇಳ್ತೀವಿ. ಚಕ್ಕುಲಿ ಒರಳಿಗೂ ಇದೇ ಮಾತು. ಬಿಲ್ಲೆ ಕಾರ್ಖಾನೆಯದು, ಚಕ್ಕುಲಿ ಅಮ್ಮನದು.

ಕೈಮಗ್ಗವನ್ನು ನೋಡಿ. ಮಗ್ಗವೂ ಒಂದು ಯಂತ್ರವೇ, ಕೈಕಾಲಿನ ಬಲದಿಂದ ಓಡುವ ಯಂತ್ರ. 2017ರಲ್ಲಿ ಜಿಎಸ್‌ಟಿ ಬಂದಾಗ ಹೆಗ್ಗೋಡಿನ ಚರಕ ಸಂಸ್ಥೆಯ ಹಿಂದಿರುವ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳಿಗೆ ತೆರಿಗೆ ಬೇಡ ಅಂತ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. ಸಲಕರಣೆಯೇ ಇಲ್ಲದೆ ಮಾಡಿದ್ದು ಮಾತ್ರ ಕೈ ಉತ್ಪನ್ನ ಅಂದಿದ್ದರೆ ಆ ಪಟ್ಟಿಯಲ್ಲಿ ಒಂದು ಟವೆಲ್ಲೂ ಉಳಿಯುತ್ತಿರಲಿಲ್ಲ. ಸಲಕರಣೆ ಇದೆಯಾ ಅನ್ನೋದಲ್ಲ ಕೇಳಬೇಕಾದ್ದು, ಕೆಲಸದ ವೇಗ ಯಾರ ಕೈಯಲ್ಲಿದೆ ಅನ್ನೋದು. ಅಕ್ಕನ ಸ್ಟ್ಯಾಂಪು ಅವಳು ಒತ್ತಿದಾಗ ಮಾತ್ರ ಒತ್ತುತ್ತೆ.

ಗ್ರೀಟಿಂಗ್ ಕಾರ್ಡಿನ ಇತಿಹಾಸ ಕೂಡ ಅಕ್ಕನ ಪರವಾಗಿಯೇ ಇದೆ. ಮಾರಾಟಕ್ಕೆ ಅಂತ ಮಾಡಿದ ಮೊದಲ ಕ್ರಿಸ್‌ಮಸ್ ಕಾರ್ಡು 1843ರದ್ದು. ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ್ದು, ಚಿತ್ರ ಬರೆದದ್ದು ಜಾನ್ ಕಾಲ್ಕಾಟ್ ಹಾರ್ಸ್‌ಲಿ. ಬೆಲೆ ಒಂದು ಶಿಲ್ಲಿಂಗ್. ಅದನ್ನು ಮಾಡಿದ್ದು ಹೇಗೆ ಗೊತ್ತಾ? ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಒಂದೊಂದಕ್ಕೂ ಕೈಯಲ್ಲಿ ಬಣ್ಣ ತುಂಬಿದರು. ಥೇಟ್ ಅಕ್ಕ ಮಾಡುವ ಕೆಲಸ! ಚಿತ್ರಗಾರ ಒಬ್ಬ, ಅಚ್ಚು ಒತ್ತಿದವನು ಇನ್ನೊಬ್ಬ, ಬಣ್ಣ ತುಂಬಿದವನು ಮತ್ತೊಬ್ಬ. ಅದು ಕೈಕೆಲಸ ಅಲ್ಲ ಅಂತ ಯಾರೂ ಅನ್ನಲ್ಲ.

ಹಾಗಾದರೆ ಆ ಪ್ರಶ್ನೆಯಲ್ಲಿ ಸತ್ಯವೇ ಇಲ್ಲವಾ? ಇದೆ. ಆದರೆ ಕೇಳಿದವರು ಅಂದುಕೊಂಡ ಕಡೆ ಇಲ್ಲ.

ಮೊದಲನೆಯದು ಚಿತ್ರದ ಹಕ್ಕು. ಹೊರದೇಶದ ಸ್ಟ್ಯಾಂಪ್ ಕಂಪನಿಗಳಲ್ಲಿ ತುಂಬ ಜನ "ಏಂಜಲ್ ಪಾಲಿಸಿ" ಅಂತ ಒಂದು ನಿಯಮ ಇಟ್ಟಿರುತ್ತಾರೆ. ಅವರ ಸ್ಟ್ಯಾಂಪನ್ನು ಕೈಯಲ್ಲೇ ಒತ್ತಿ ಮಾಡಿದ ಕಾರ್ಡನ್ನು ಮಾರಬಹುದು, ಅದನ್ನೇ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿ ಮಾರೋ ಹಾಗಿಲ್ಲ, ಅಂತ ಅದರ ತಿರುಳು. ನೋಡಿ, ಚಿತ್ರದ ಒಡೆಯರೇ ಕೈಗೂ ಯಂತ್ರಕ್ಕೂ ನಡುವೆ ಗೆರೆ ಎಳೆದು, ಸ್ಟ್ಯಾಂಪನ್ನು ಕೈಯ ಕಡೆ ಇಟ್ಟಿದ್ದಾರೆ. ಆದರೆ ಅಗ್ಗಕ್ಕೆ ಸಿಗುವ ನಕಲು ಸ್ಟ್ಯಾಂಪು ಕೊಂಡರೆ ಈ ಮಾತು ನಿಲ್ಲಲ್ಲ. ಅಲ್ಲಿ ಚಿತ್ರ ಬರೆದವರಿಗೆ ಮೋಸ ಆಗಿರುತ್ತೆ.

ಎರಡನೆಯದೇ ನನಗೆ ದೊಡ್ಡದು. ಅಕ್ಕನ ಡಬ್ಬಿಯಲ್ಲಿರುವ ಸ್ಟ್ಯಾಂಪುಗಳನ್ನ ಒಂದ್ಸಲ ಹರಡಿ ನೋಡಿದೆ. ಹಿಮದ ಗೊಂಬೆ, ಕ್ರಿಸ್‌ಮಸ್ ಮರ, ಅಂಚೆಪೆಟ್ಟಿಗೆಯ ಮೇಲೆ ಕೂತ ಯಾವುದೋ ಕೆಂಪು ಹಕ್ಕಿ, ಕುಂಬಳಕಾಯಿ. ಇದ್ದಿದ್ದರಲ್ಲಿ ಕುಂಬಳಕಾಯಿ ಒಂದೇ ನಮ್ಮೂರಿಗೆ ಗುರುತು! ಪದಗಳೆಲ್ಲ ಇಂಗ್ಲಿಷಿನವು. ಸಂಕ್ರಾಂತಿಗೆ ಕಾರ್ಡ್ ಮಾಡಬೇಕಾದರೆ ಒಳಗೆ ಕನ್ನಡವನ್ನು ಪೆನ್ನಲ್ಲಿ ಬರೀತಾಳೆ, ಹೊರಗೆ ಹಿಮದ ನಾಡಿನ ಹೂವು. ಕೊರತೆ ಇರೋದು ಕೈಯಲ್ಲಲ್ಲ, ಅಚ್ಚಿನಲ್ಲಿ. ಅಚ್ಚು ನಮ್ಮದಲ್ಲ.

ಕನ್ನಡ ಅಕ್ಷರದ ಸ್ಟ್ಯಾಂಪ್ ಸೆಟ್ ಯಾಕೆ ಕಷ್ಟ ಅನ್ನೋದು ಯೂನಿಕೋಡ್ ಜೊತೆ ಗುದ್ದಾಡಿದ ನಮಗೆಲ್ಲ ಗೊತ್ತಿರೋದೇ. ಇಂಗ್ಲಿಷಿಗೆ 26 ತುಂಡು ಸಾಕು. ನಮ್ಮ 34 ವ್ಯಂಜನಕ್ಕೆ ಕಾಗುಣಿತ ಸೇರಿಸಿದರೇ ನಾನೂರು ದಾಟುತ್ತೆ, ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. "ಸಂಕ್ರಾಂತಿ"ಯಲ್ಲೇ ಎಷ್ಟು ಸರ್ಕಸ್ಸು ನೋಡಿ.

ಆದರೆ ಈ ಗಂಟನ್ನು ನಮ್ಮವರೇ ಒಮ್ಮೆ ಬಿಡಿಸಿದ್ದಾರೆ. ಅದೂ ಆನೇಮಹಲ್‌ನಿಂದ ಘಟ್ಟ ಇಳಿದರೆ ಸಿಗುವ ಮಂಗಳೂರಿನಲ್ಲಿ, ಅದೂ ಆ ಕ್ರಿಸ್‌ಮಸ್ ಕಾರ್ಡಿನ 1843ರಲ್ಲೇ. ಆ ವರ್ಷ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಇವತ್ತಿಗೂ ಆ ದಿನವೇ ನಮ್ಮ ಪತ್ರಿಕಾ ದಿನ. ಅದು ಅಚ್ಚಾಗಿದ್ದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆ ಜೋಡಿಸುವ ಗೋಜಿಲ್ಲ. ಕೈಯಲ್ಲಿ ಬರೆದದ್ದು ಬರೆದ ಹಾಗೇ ಕಲ್ಲಿಗೆ ಇಳಿದು ಕಾಗದಕ್ಕೆ ಬರುತ್ತೆ. ಕಾಗುಣಿತ, ಒತ್ತು, ದೀರ್ಘ ಯಾವುದೂ ಅಡ್ಡಿಯಲ್ಲ. ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದೇ ಕೈಬರಹದ ಅಚ್ಚಿನಿಂದ.

ನಾವೂ ಅದನ್ನೇ ಮಾಡಬಹುದು. ಅಕ್ಷರದ ಸೆಟ್ ಬೇಡ, ಇಡೀ ಪದಕ್ಕೆ ಒಂದು ಅಚ್ಚು. "ಶುಭಾಶಯ", "ನೆನಪಾಯ್ತು", "ಹೇಗಿದ್ದೀಯ?", "ಎಳ್ಳು ಬೆಲ್ಲ". ತಾಲ್ಲೂಕು ಕಚೇರಿ, ಕೋರ್ಟಿನ ಸುತ್ತಮುತ್ತ ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವ ಅಂಗಡಿ ಇಲ್ಲದ ಊರು ಕಡಿಮೆ. ಅವರು "ಕಾರ್ಯದರ್ಶಿ", "ಅಧ್ಯಕ್ಷರು" ಅಂತ ದಿನಾ ಮಾಡ್ತಾನೇ ಇರ್ತಾರೆ, "ಶುಭಾಶಯ" ಅವರಿಗೇನು ಕಷ್ಟ? ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಲ್ಲಿ ಬರೆದು, 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಬೂದು ಬಣ್ಣ ಉಳಿಯದ ಹಾಗೆ ಬರೀ ಕಪ್ಪು-ಬಿಳುಪು ಮಾಡಿ ಕೊಡಿ. ತೀರಾ ತೆಳು ಗೆರೆ ರಬ್ಬರಿನಲ್ಲಿ ನಿಲ್ಲಲ್ಲ. ಕೈಬರಹ ಚೆನ್ನಾಗಿಲ್ಲ ಅನ್ನೋರಿಗೆ ಗುಬ್ಬಿ, ನವಿಲು, ಬಾಲೂ ತಮ್ಮ ಫಾಂಟುಗಳಿವೆ, ಮುಕ್ತವಾಗಿ ಬಳಸಬಹುದು. ಒಂದು ಮಾತು ನೆನಪಿಡಿ: ಒಳಗೇ ಇಂಕು ತುಂಬಿರುವ ಸ್ಟ್ಯಾಂಪ್ ಮಾಡಿಸಬೇಡಿ, ಸಾದಾ ಹಿಡಿಯ ರಬ್ಬರ್ ಕೇಳಿ. ಬೇಕಾದ ಇಂಕು, ಬೇಕಾದ ಬಣ್ಣ ಹಚ್ಚೋಕೆ ಅದೇ ಸರಿ.

ಪುಟ್ಟ ಚಿತ್ರವಾದರೆ ಅಂಗಡಿಯೂ ಬೇಡ. ಪೆನ್ಸಿಲಿನಲ್ಲಿ ಟ್ರೇಸ್ ಮಾಡಿ, ಆ ಹಾಳೆಯನ್ನು ದೊಡ್ಡ ಎರೇಸರ್ ಮೇಲೆ ಮಗುಚಿ ಉಜ್ಜಿದರೆ ಚಿತ್ರ ತಿರುಗುಮುರುಗಾಗಿ ಅದರ ಮೇಲೆ ಕೂರುತ್ತೆ. ಬೇಡದ ಜಾಗ ಬ್ಲೇಡಿನಲ್ಲಿ ಕೆತ್ತಿ ತೆಗೆದರೆ ಆಯ್ತು. ಸ್ಕೂಲಲ್ಲಿ ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದವರಿಗೆ ಇದು ಅದರ ಮುಂದಿನ ಕ್ಲಾಸು ಅಷ್ಟೇ.

ಚಿತ್ರಕ್ಕೆ ನಮ್ಮ ಕಡೆ ಬರವಾ? 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಮೇಲಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಸ್ಟ್ಯಾಂಪಿಗೇ ಹೇಳಿ ಮಾಡಿಸಿದ ಹಾಗಿದೆ. ಹೂಮಳೆ ಬಿದ್ದ ಮೇಲೆ ಮೂರ್ನಾಲ್ಕು ದಿನ ಇಡೀ ತೋಟ ಬೆಳ್ಳಗಾಗಿಸುವ ಕಾಫಿ ಹೂವು ಇದೆ. ಮೆಣಸಿನ ಬಳ್ಳಿ ಇದೆ, ಏಲಕ್ಕಿ ಇದೆ. ಒಂದೇ ಕಾಫಿ ಗೊಂಚಲಿನ ಅಚ್ಚಿಗೆ ಹಸಿರು, ಹಳದಿ, ಕೆಂಪು ತುಂಬಿದರೆ ಮೂರು ತಿಂಗಳ ಮೂರು ಕಾರ್ಡು. ಊರಿನ ಹೆಸರಲ್ಲೇ ಆನೆ ಕೂತಿದೆ, ಅದನ್ನ ಬಿಟ್ಟು ಹಿಮದ ಗೊಂಬೆಗೆ ಯಾಕೆ ಬಣ್ಣ ಹಚ್ಚಬೇಕು?

ವಾಟ್ಸಾಪಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹತ್ತು ಶುಭಾಶಯ ಬರೋ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಕೇಳಬಹುದು. ಬಂದ ಹತ್ತರಲ್ಲಿ ಎಷ್ಟನ್ನು ಇಟ್ಟುಕೊಂಡಿರಿ ಹೇಳಿ? ಕಾರ್ಡು ಕವರಿನ ಜೊತೆ ಸೇರಿಯೂ 20 ಗ್ರಾಂ ಒಳಗೇ ಇರುತ್ತೆ, ಸಾದಾ ಟಪಾಲಿನಲ್ಲೇ ಹೋಗುತ್ತೆ. ತಲುಪಿದ ಮೇಲೆ ಟಿವಿ ಪಕ್ಕ, ದೇವರ ಮನೆಯ ಗೂಡಲ್ಲಿ, ಬೀರುವಿನ ಸೀರೆಯ ಮಡಿಕೆಯಲ್ಲಿ ವರ್ಷಗಟ್ಟಲೆ ಇರುತ್ತೆ. ಮುಕ್ಕಾಲು ಗಂಟೆ ನಮಗಾಗಿ ಕೂತಿದ್ದರು ಅನ್ನೋದು ಅದನ್ನ ಹಿಡಿದ ಕೂಡಲೇ ಗೊತ್ತಾಗುತ್ತೆ.

ಹಾಗಾಗಿ ನನ್ನ ಕೋರಿಕೆ ಎರಡೇ. ಕಾರ್ಡ್ ಕೊಳ್ಳುವವರು ಚೌಕಾಸಿ ಮಾಡೋಕೆ ಮುಂಚೆ ಬಣ್ಣ ಸೇರುವ ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ. ಬರೆಯೋಕೆ, ಚಿತ್ರ ಬಿಡಿಸೋಕೆ ಬರುವ ಬ್ಲಾಗಿಗ ಗೆಳೆಯರು ಒಂದೊಂದು ಕನ್ನಡ ಪದವನ್ನೋ, ಊರಿನ ಚಿತ್ರವನ್ನೋ ಕಪ್ಪು-ಬಿಳುಪಿನಲ್ಲಿ ಮಾಡಿ, ಯಾರು ಬೇಕಾದರೂ ಅಚ್ಚು ಮಾಡಿಸಿಕೊಳ್ಳಲಿ ಅಂತ ಹಾಕಿ. ಬ್ಲಾಗಿನ ಟೆಂಪ್ಲೇಟು ಯಾರದ್ದೋ, ಬರಹ ನಮ್ಮದು ಅಂತ ನಾವೆಲ್ಲ ಧೈರ್ಯವಾಗಿ ಹೇಳ್ತೀವಲ್ಲ, ಕಾರ್ಡ್ ಮಾಡುವವರಿಗೂ ಆ ಧೈರ್ಯ ಬರಲಿ. ನಾನು ಕಾಫಿ ಹೂವಿನಿಂದ ಶುರು ಮಾಡ್ತಿದ್ದೀನಿ, ಇನ್ನೊಂದು ವಾರದಲ್ಲಿ ಇಲ್ಲೇ ಹಾಕ್ತೀನಿ.

ನಿಮ್ಮೂರಿಂದ ಯಾವ ಅಚ್ಚು ಬರುತ್ತೆ?